ಬಚ್ಚಲ ಕಿಟಕಿಗೆ ಕೊಟ್ರನ ಬೆನ್ನು

ಹೇಳಿದ ಮಾತು ಕೇಳುವ ಮಗ ಸಿಕ್ಕರೆ ಪುಣ್ಯ ಎನ್ನುತ್ತಾರೆ. ಹೇಳಿದಷ್ಟನ್ನೇ ಕೇಳುವ ಮಗ ಸಿಕ್ಕರೆ ಏನೆನ್ನಬೇಕೋ, ಅದನ್ನು ಹಾಲಮ್ಮನನ್ನೇ ಕೇಳಬೇಕು. ಅವಳ ಮಗ ಕೊಟ್ರನಿಗೆ ಮೀಸೆ ಬಂದು ಹತ್ತು ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು.

ಮಗಳು ಸುಮಂಗಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನಾ ಹಂಡೆಗಟ್ಟಲೆ ಬಿಸಿನೀರು, ಬಚ್ಚಲ ತುಂಬ ಹಬೆ. ತಿಂಗಳಾಗುವಷ್ಟರಲ್ಲಿ ಗೋಡೆಗೆ ಕರಿ ಬೂಷ್ಟು ಹಿಡಿಯಿತು, ಕೂಸಿಗೆ ಕೆಮ್ಮು ಹಿಡಿಯಿತು. ನೋಡಲು ಬಂದ ಸುಮಂಗಲಳ ಅತ್ತೆ, ಅಮಾವಾಸ್ಯೆ ಕಳೆದು ಮತ್ತೆ ಬರುತ್ತೇನೆ, ಆಗಲೂ ಕೂಸು ಕೆಮ್ಮುತ್ತಿದ್ದರೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದಳು. ಹಾಲಮ್ಮನಿಗೆ ಅಂದಿನಿಂದ ಅನ್ನ ಇಳಿಯಲಿಲ್ಲ.

ಆ ಕಪ್ಪು ಗೋಡೆ ಯಾರ ಕಣ್ಣಿಗೂ ಬೀಳಬಾರದು ಎಂದು ಮಗನಿಗೆ ಹೇಳಿದಳು. ಕೊಟ್ರ ಬಚ್ಚಲ ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಂಡ. ಸುಮಂಗಲ ಕತ್ತಲಲ್ಲಿ ಚೊಂಬು ಎಡವಿ ಕೂತಳು.

ಹಾಲಮ್ಮ ಬೈದಳು, ಬೈದು ಬುದ್ಧಿ ಹೇಳಿದಳು. ಮುಚ್ಚಿಡುವುದಲ್ಲ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸೋಪಿನ ನೀರು ಹಾಕಿ ತಿಕ್ಕಬೇಕು, ತಿಕ್ಕಿದ ಮೇಲೆ ಬಚ್ಚಲಲ್ಲಿ ಒಂದು ಹನಿ ನೀರು ಉಳಿಯಬಾರದು. ಕೊಟ್ರ ತೋಳು ಬೀಳುವಂತೆ ತಿಕ್ಕಿದ. ಗೋಡೆ ಒರೆಸಿದ, ನೆಲ ಒರೆಸಿದ. ಆಮೇಲೆ ಬೆಳಗಿನಿಂದ ಕಾದಿದ್ದ ಹಂಡೆಯ ನೀರನ್ನೂ ಹಿತ್ತಲಿಗೆ ಚೆಲ್ಲಿ, ಹಂಡೆಯ ಒಳಗೂ ಒರೆಸಿಟ್ಟ. ಮೈಗೆ ಎಣ್ಣೆ ಹಚ್ಚಿಕೊಂಡಿದ್ದ ಬಾಣಂತಿ ಮಧ್ಯಾಹ್ನದವರೆಗೂ ಹಾಗೇ ಕೂತಿದ್ದಳು.

ಮತ್ತೆ ಬೈಗುಳ. ವಾರಕ್ಕೆ ಮತ್ತೆ ಬೂಷ್ಟು. ಕೂಸಿನ ತೂಕ ನೋಡಲು ಬಂದ ನರ್ಸಮ್ಮ ಬಚ್ಚಲಿಗೆ ಇಣುಕಿ, ಎಷ್ಟು ತಿಕ್ಕಿದರೇನು, ಗಾಳಿಯಾಡದಿದ್ದರೆ ಗೋಡೆ ಒಣಗುವುದು ಹೇಗೆ ಎಂದಳು. ಹಾಲಮ್ಮ ಮಗನನ್ನು ಕರೆದು, ಇನ್ನು ಮೇಲೆ ಈ ಕಿಟಕಿ ಮುಚ್ಚಬಾರದು ಎಂದಳು.

ಮುಚ್ಚಬಾರದು ಎಂದರೆ ಮುಚ್ಚಲಿಕ್ಕೇ ಬರಬಾರದು. ಮರುದಿನ ಕೊಟ್ರ ಹೊರಗಿನಿಂದ ಹಾರೆ ಹಾಕಿ ಚೌಕಟ್ಟಿನ ಸಮೇತ ಕಿಟಕಿ ಕಿತ್ತ. ಒಳಗೆ ಸುಮಂಗಲ ನೀರು ಹಾಕಿಸಿಕೊಳ್ಳುತ್ತಿದ್ದಳು. ತಣ್ಣನೆ ಗಾಳಿ ನುಗ್ಗಿತು. ಹಾಲಮ್ಮ ಪೊರಕೆ ಎತ್ತಿದಳು. ಅಷ್ಟರಲ್ಲಿ ಅವಳ ಕಾಲ ಬಳಿ ಒಂದು ಒದ್ದೆ ಗೋಣಿಚೀಲ ಬಿತ್ತು, ಮೈಯೆಲ್ಲ ಕರಿ ಬೂಷ್ಟು. ಬಾಣಂತಿಗೆ ಗಾಳಿ ತಾಗಬಾರದೆಂದು ಮೊದಲ ದಿನವೇ ಕಿಟಕಿ ಸಂದಿಗೆ ಅದನ್ನು ತುರುಕಿದ್ದವಳು ಅವಳೇ. ಕಾಯಲಿಕ್ಕೆಂದು ಇಟ್ಟದ್ದೇ ಕೂಸಿನ ಎದೆಗೆ ಕುತ್ತಾಗಿತ್ತು. ಎತ್ತಿದ ಪೊರಕೆಯನ್ನು ಹಾಲಮ್ಮ ಕೆಳಗಿಟ್ಟಳು.

"ನಾಳೆಯಿಂದ ಅಕ್ಕ ನೀರು ಹಾಕ್ಕೊಳ್ಳುವಾಗ ಹೊರಗ ನಿಂತು ಈ ಕಿಟಕಿಗೆ ಬೆನ್ನು ಕೊಡು. ಅಕ್ಕ ಆತು ಅನ್ನೋತನಕ ಅಲ್ಲಾಡಬ್ಯಾಡ," ಎಂದಳು.

ಕೊಟ್ರ ದಿನಾ ಬೆನ್ನು ಕೊಟ್ಟ. ಅಕ್ಕ ಆತು ಅಂದ ಕೂಡಲೇ ಅವನು ಸರಿಯುತ್ತಿದ್ದ, ಗಾಳಿ ಬಿಸಿಲು ಒಳಗೆ ಬಂದು ಗೋಡೆ ಒಣಗುತ್ತಿತ್ತು. ಬೂಷ್ಟು ಮರಳಿ ಬರಲಿಲ್ಲ. ಅಮಾವಾಸ್ಯೆ ಕಳೆದು ಬಂದ ಅತ್ತೆ ಕೂಸಿನ ಎದೆಗೆ ಕಿವಿಯಿಟ್ಟು ಕೇಳಿ, ಚಹಾ ಕುಡಿದು ಒಬ್ಬಳೇ ಹೋದಳು.

ಮೂರು ತಿಂಗಳು ತುಂಬಿ ಸುಮಂಗಲ ಗಂಡನ ಮನೆಗೆ ಹೊರಟ ದಿನ ಎಲ್ಲವೂ ಅವಸರ. ಮೈಗೆ ನೀರು ಬಿದ್ದಿತೋ ಇಲ್ಲವೋ ಆಟೋ ಬಂತು. ಕೊಟ್ರನನ್ನು ಕೂಗಿದರು, ಸುಳಿವಿಲ್ಲ. ಕಳಿಸಲಿಕ್ಕೂ ಬರಲಿಲ್ಲವಲ್ಲ ಎಂದು ಸುಮಂಗಲ ಕಣ್ಣೊರೆಸಿಕೊಂಡು ಹತ್ತಿದಳು.

ಮಧ್ಯಾಹ್ನ ಹಾಲಮ್ಮ ಬಚ್ಚಲಿಗೆ ಹೋದರೆ ಒಳಗೆ ಕತ್ತಲು. ಕಿಟಕಿಯ ತುಂಬ ಕೊಟ್ರನ ಬೆನ್ನು.

"ಅಕ್ಕ ಹೋದ್ಲಲ್ಲೋ," ಎಂದಳು.

"ಕೂಸು ಅತ್ತಿದ್ದು ಕೇಳಿಸ್ತು, ಆಟೋ ಹೋಗಿದ್ದೂ ಕೇಳಿಸ್ತು," ಎಂದ ಕೊಟ್ರ, ತಿರುಗದೆ. "ಅಕ್ಕ ಇನ್ನೂ ಆತು ಅಂದಿಲ್ಲವ್ವ."

ಹಾಲಮ್ಮ ಮಗಳಿಗೆ ಫೋನು ಹಚ್ಚಿ, ನಡೆದದ್ದು ಹೇಳಿ, ಅವನ ಕಿವಿಗೆ ಹಿಡಿದಳು. ಆ ಕಡೆಯಿಂದ ಸುಮಂಗಲ, "ಆತೋ ತಮ್ಮಾ," ಎಂದಳು. ಕೊಟ್ರ ಸರಿದು ನಿಂತ.

"ಅವ್ವಾ, ಅಲ್ಲಿ ಬಚ್ಚಲ ಕಿಟಕಿಗೆ ಯಾರು ನಿಲ್ತಾರ?" ಎಂದು ಕೇಳಿದ.

ಹಾಲಮ್ಮ ಬಚ್ಚಲಿನಿಂದ ಹಿತ್ತಲಿಗೆ ಬರುವಷ್ಟರಲ್ಲಿ ಅವನು ಹೆಗಲ ಮೇಲೆ ಹಾರೆ ಹೊತ್ತು ಅಕ್ಕನ ಊರಿನ ದಾರಿ ಹಿಡಿದಿದ್ದ.