ಸಾವಕಾರನ ಏಸಿ, ತಿಪ್ಪವ್ವನ ಹಪ್ಪಳ

ಹಪ್ಪಳದ ಕಾರ್ಖಾನೆಯ ಸಾವಕಾರ ಪಂಪಣ್ಣ ಪಟ್ಟಣದ ಸಭೆಯಿಂದ ಬಂದವನೇ ಗುಡುಗಿದ. “ಭೂಮಿ ಕಾಯಾಕತ್ತೈತಿ! ಕರೆಂಟು ಉಳಿಸ್ರಿ. ಒಣಗಿಸೋ ಫ್ಯಾನು ಬಂದ್! ಸಂಜಿಗೆ ಗಿರಾಕಿ ಬರ್ತಾನ. ಹಪ್ಪಳ ಒಣಗದಿದ್ರ, ತಿಪ್ಪವ್ವಾ, ನಾಳಿಂದ ನೀ ಕೆಲಸಕ್ಕ ಬರಬ್ಯಾಡ.”

ಹೊರಗೆ ಮುಗಿಲ ತುಂಬ ಮೋಡ. ಸಾವಕಾರ ತನ್ನ ಕೋಣೆ ಸೇರಿ, ಏಸಿ ಹಾಕಿಕೊಂಡು ಕುಂತ.

ಸಂಜೆಗೆ ಹಪ್ಪಳ ಗರಿಗರಿ! ಗಿರಾಕಿ ಬೆರಗಾದ. “ಬಿಸಿಲಿಲ್ಲ, ಫ್ಯಾನಿಲ್ಲ, ಹೆಂಗ ಒಣಗಿಸಿದ್ರಿ?”

“ತೋರಿಸವ್ವಾ!” ಅಂದ ಸಾವಕಾರ, ಎದೆ ಉಬ್ಬಿಸಿ.

ತಿಪ್ಪವ್ವ ಇಬ್ಬರನ್ನೂ ಕೋಣೆಯ ಹಿಂದಕ್ಕೆ ಕರೆದೊಯ್ದಳು. ಏಸಿ ಡಬ್ಬಿ ಬುಸುಬುಸು ಬಿಸಿಗಾಳಿ ಉಗುಳುತ್ತಿತ್ತು. ಎದುರಿಗೆ ಹಪ್ಪಳದ ತಟ್ಟೆಗಳ ಸಾಲು.

“ಸಾವಕಾರ್ರು ಒಳಗ ತಂಪಾದಷ್ಟೂ ಭೂಮಿತಾಯಿಗೆ ಇಲ್ಲಿ ಝಳ ಬಿಡ್ತಾರ್ರಿ. ಯಾಕ ದಂಡ ಮಾಡೋದಂತ ಹಪ್ಪಳ ಇಟ್ಟೆ.”

ಗಿರಾಕಿ ಹೊಟ್ಟೆ ಹಿಡಿದು ನಕ್ಕ. ಸಾವಕಾರ ಓಡಿಹೋಗಿ ಏಸಿ ಆರಿಸಿದ.

“ಅಯ್ಯ, ಆರಿಸಬ್ಯಾಡ್ರೀ! ಇನ್ನೂ ಎರಡು ತಟ್ಟಿ ಹಸಿ ಅದಾವು!”

ಸಾವಕಾರ ಹೋಗಿ, ಹಪ್ಪಳ ಒಣಗಿಸೋ ಫ್ಯಾನು ತಾನೇ ಹಚ್ಚಿದ.