ಬೂದಜ್ಜಿಯ ಅಗಲ ಪರದೆ

ಒಂದು ಕಾಡಿನಲ್ಲಿ ಕರೆಂಟು ಇತ್ತು. ನಗಬೇಡಿ, ಮೊದಲು ಪೂರ್ತಿ ಕೇಳಿ. ಬಂಡೆಯ ಮೇಲೆ ಸೋಲಾರ್ ಫಲಕ ಇತ್ತು, ಪಕ್ಕದಲ್ಲಿ ಬ್ಯಾಟರಿ ಇತ್ತು, ಅತ್ತಿಮರದ ಕೆಳಗೆ ಒಂದು ಕಾವಲು ಗುಡಿಸಲು ಇತ್ತು. ಆ ಗುಡಿಸಲಿನಲ್ಲಿ ಬೂದಜ್ಜಿ ಎಂಬ ಮುಸುವ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದಳು. ಮುಸುವ ಗೊತ್ತಲ್ಲ? ಕಪ್ಪು ಮುಖ, ಬೂದು ಮೈ, ಉದ್ದ ಬಾಲದ ಕೋತಿ.

ಹಿಂದೆಲ್ಲ ಅಜ್ಜಿ ಮರದ ತುದಿಯಲ್ಲಿ ಕೂತೇ ಕಾವಲು ಕಾಯುತ್ತಿದ್ದಳು. ಕಾಡಿನ ಪದ್ಧತಿಯೇ ಅದು. ಮೇಲೆ ಮುಸುವ ಕಾಯಬೇಕು, ಕೆಳಗೆ ಜಿಂಕೆ ಮೇಯಬೇಕು. ಅಪಾಯ ಕಂಡ ಕೂಡಲೇ ಮುಸುವ "ಖಕ್! ಖಕ್!" ಎಂದು ಕೂಗಬೇಕು. ಈಗ ಅಜ್ಜಿಗೆ ವಯಸ್ಸಾಗಿತ್ತು. ಮಂಡಿ ಹಿಡಿದುಕೊಂಡು ಕೊಂಬೆ ಹತ್ತಲು ಆಗುತ್ತಿರಲಿಲ್ಲ. ಆದರೂ ಕೆಲಸ ಬಿಡಲು ಒಪ್ಪಲಿಲ್ಲ. "ಕಾಲು ಸೋತಿದೆ, ಕಣ್ಣು ಸೋತಿಲ್ಲ ಕಣ್ರೋ," ಅಂದಳು. ಹಾಗಾಗಿ ಜಿಂಕೆಗಳು ಮೇಯುವ ತೊರೆಯ ಈಚೆ ದಡಕ್ಕೊಂದು, ಆಚೆ ದಡಕ್ಕೊಂದು ಕ್ಯಾಮೆರಾ ಕಟ್ಟಿದರು. ಗುಡಿಸಲಿನಲ್ಲಿ ಎರಡು ಪರದೆ ಇಟ್ಟರು. ಎಡಗಡೆ ಪರದೆಯಲ್ಲಿ ಈಚೆ ದಡ ಕಾಣುತ್ತಿತ್ತು, ಬಲಗಡೆಯದರಲ್ಲಿ ಆಚೆ ದಡ.

ಅಜ್ಜಿ ದಿನವಿಡೀ ಕತ್ತು ತಿರುಗಿಸುವುದೇ ಆಯಿತು. ಎಡಕ್ಕೆ ನೋಡಿದರೆ ಬಲದ್ದು ಕಾಣದು. ಬಲಕ್ಕೆ ನೋಡಿದರೆ ಎಡದ್ದು ಕಾಣದು. ಕಿಟಕಿಯಲ್ಲಿ ಅವಳ ತಲೆ ಆಚೆ ಈಚೆ ಆಡುತ್ತಲೇ ಇರುತ್ತಿತ್ತು. ಅದನ್ನು ಯಾರೋ ಪೊದೆಯಿಂದ ನೋಡುತ್ತಿದ್ದಾರೆ ಎಂದು ಪಾಪ, ಅವಳಿಗೆ ಗೊತ್ತಿರಲಿಲ್ಲ.

ಒಂದು ಸಂಜೆ ಅಜ್ಜಿ ಈಚೆ ದಡ ನೋಡುತ್ತಿದ್ದಾಗ ಆಚೆ ದಡದಲ್ಲಿ ಒಂದು ಜಿಂಕೆಮರಿ ಕಾಣೆಯಾಯಿತು. ಮರುದಿನ ಬೆಳಿಗ್ಗೆ ಮರಿಯ ಚಿಕ್ಕಮ್ಮ ಚುಕ್ಕವ್ವ ಗುಡಿಸಲಿಗೆ ಬಂದಳು. ಅವಳ ಕಾಲ ಸಂದಿಯಲ್ಲಿ ಅವಳದೇ ಮರಿ ಸಾಸಿವೆ ನಡುಗುತ್ತಾ ನಿಂತಿತ್ತು. ಹಿಂಡಿಗೆಲ್ಲ ಚಿಕ್ಕದು ಅದು.

"ಅಜ್ಜಿ, ನಮ್ಮಕ್ಕನ ಮರಿ ಹೋಯ್ತು. ನಾಳೆ ನನ್ನ ಸಾಸಿವೆಗೂ ಇದೇ ಗತಿನಾ?"

ಅಜ್ಜಿ ಎರಡೂ ಪರದೆಗಳನ್ನು ತಿರುತಿರುಗಿ ನೋಡಿದಳು. ಬಹಳ ಹೊತ್ತು ಯೋಚಿಸಿದಳು. "ನಾನು ಈ ಕಡೆ ತಿರುಗಿದಾಗಲೇ ಆ ಕಡೆ ಆಗಿದೆ. ಅಂದ್ರೆ ಯಾರೋ ನನ್ನ ತಲೆ ನೋಡ್ಕೊಂಡೇ ಬರ್ತಿದ್ದಾರೆ. ಈ ಎರಡು ಪರದೆ ಸಹವಾಸ ಸಾಕು. ಎರಡೂ ದಡ ಒಟ್ಟಿಗೇ ಕಾಣೋ ಒಂದು ಅಗಲವಾದ ಪರದೆ ತರ್ತೀನಿ. ಇನ್ನೊಂದು ಮರಿ ಹೋಗೋಕೆ ನಾನು ಬಿಡೋದಿಲ್ಲ. ಇದು ನನ್ನ ಮಾತು."

ಆ ಕಾಡಿನಲ್ಲಿ ಕಂಪ್ಯೂಟರ್ ಸಾಮಾನು ಮಾರುತ್ತಿದ್ದುದು ನಾಜೂಕಯ್ಯ ಎಂಬ ನರಿ. ಅವನ ಅಂಗಡಿ ತೊರೆಯ ತಿರುವಿನಲ್ಲಿತ್ತು. ಬಾಗಿಲ ಮೇಲೆ ದೊಡ್ಡ ಬೋರ್ಡು ಬೇರೆ: 'ಕೂತು ನೋಡಿ. ಒಪ್ಪದಿದ್ದರೆ ಬದಲಿಸಿ ಕೊಡುತ್ತೇವೆ.' ಮಾತೋ, ಬೆಣ್ಣೆ! ಮರಿ ಕದ್ದವನೂ ಅವನೇ. ಅಜ್ಜಿಯ ತಲೆಯನ್ನು ನೋಡಿಕೊಂಡು ಕೂತಿರುತ್ತಿದ್ದವನೂ ಅವನೇ. ಇದು ನಿಮಗೆ ಗೊತ್ತು, ನನಗೆ ಗೊತ್ತು. ಅಜ್ಜಿಗೆ ಇನ್ನೂ ಗೊತ್ತಿರಲಿಲ್ಲ.

ಅಜ್ಜಿ ಮನೆಯಲ್ಲೇ ಅಳತೆ ತೆಗೆದುಕೊಂಡಳು. ಮುಸುವಗಳು ಏನೇ ಅಳೆದರೂ ಬಾಲದಲ್ಲೇ ಅಳೆಯುತ್ತವೆ. ಅದೂ ಅಡ್ಡಕ್ಕೆ ಮಾತ್ರ. ಈ ಕೊಂಬೆಯಿಂದ ಆ ಕೊಂಬೆಗೆ ಎಷ್ಟು ದೂರ ಅನ್ನುವುದಷ್ಟೇ ಅವುಗಳ ಲೆಕ್ಕ. ಎತ್ತರ ಕಂಡು ಎಂದೂ ಹೆದರದವರು ಎತ್ತರವನ್ನು ಯಾಕೆ ಅಳೆದಾರು? ಎರಡು ಪರದೆಗಳ ಮುಂದೆ ಅಜ್ಜಿ ಬಾಲವನ್ನು ಅಡ್ಡಲಾಗಿ ಚಾಚಿದಳು. ಸರಿಯಾಗಿ ಒಂದು ಬಾಲ.

"ಒಂದು ಬಾಲ ಅಗಲದ್ದು ಬೇಕು ನೋಡಪ್ಪ," ಎಂದಳು ಅಂಗಡಿಗೆ ಬಂದು.

ನಾಜೂಕಯ್ಯನ ಕಿವಿ ನಿಮಿರಿತು. ಎರಡೂ ದಡ ಒಟ್ಟಿಗೆ ಕಂಡರೆ ತನ್ನ ಊಟಕ್ಕೆ ಕಲ್ಲು ಬಿದ್ದಂತೆಯೇ! ಆದರೂ ಹಲ್ಲು ಕಿರಿದ. "ಬನ್ನಿ ಬನ್ನಿ ಅಜ್ಜಿ, ನಿಮಗಂತಲೇ ಒಂದು ಇಟ್ಟಿದ್ದೀನಿ."

ಒಳಗಿನಿಂದ ಅವನು ತಂದದ್ದು ಒಂದು ಪಟ್ಟಿ ಪರದೆ. ಅಂಗಡಿಗಳ ಮುಂದೆ ಅಕ್ಷರ ಓಡಿಸಲು ನೇತುಹಾಕುತ್ತಾರಲ್ಲ, ಅಂಥದ್ದು. ಉದ್ದಕ್ಕೆ ಬಾಲದಷ್ಟಿತ್ತು. ಎತ್ತರ ಮಾತ್ರ ಹಳೆಯ ಪರದೆಯ ಅರ್ಧಕ್ಕರ್ಧ. ಅಜ್ಜಿ ಬಾಲ ಚಾಚಿ ನೋಡಿದಳು. ಸರಿಯಾಗಿ ಕೂತಿತು.

"ಮೂಲೆಯಲ್ಲಿ ಇನ್ನೊಂದಿದೆಯಲ್ಲ, ಬಾಗಿರೋದು, ದೊಡ್ಡದು?"

"ಅಯ್ಯೋ ಅದಾ? ಬಿಸಿಲಿಗೆ ಸೊಟ್ಟಗಾಗಿಬಿಟ್ಟಿದೆ ಅಜ್ಜಿ. ನಿಮಗೆ ಅಂಥ ಮಾಲು ಕೊಡ್ತೀನಾ? ಛೆ ಛೆ! ನಿಮ್ಮ ಹಳೇವೆರಡೂ ನನಗೆ ಕೊಟ್ಟುಬಿಡಿ, ಇದನ್ನ ಒಯ್ಯಿರಿ. ನಾನೇ ಬಂದು ಕೂರಿಸ್ತೀನಿ."

ಬಂದ, ಕೂರಿಸಿದ. ಚಿತ್ರ ಎರಡೂ ಬದಿ ತುಂಬುವಂತೆ ಹಿಗ್ಗಿಸಿದ. ಮೇಲಿನ ಅರ್ಧ ಉಳಿಸಿಕೊಂಡು ಕೆಳಗಿನ ಅರ್ಧವನ್ನು ಕತ್ತರಿಸಿದ. ಪರದೆಯಲ್ಲಿ ಎರಡೂ ದಡದ ಮರಗಳು ಸಾಲಾಗಿ ಕಂಡವು. ಅಜ್ಜಿಗೆ ಖುಷಿಯೋ ಖುಷಿ. ಹಳೆಯ ಪರದೆಗಳನ್ನು ಹೊತ್ತುಕೊಂಡು ನಾಜೂಕಯ್ಯ ಹೊರಟುಹೋದ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ.

ಮರುದಿನ ಸಂಜೆ ಚುಕ್ಕವ್ವ ಏದುಸಿರು ಬಿಡುತ್ತಾ ಗುಡಿಸಲಿಗೆ ನುಗ್ಗಿದಳು. ಸಾಸಿವೆಯ ಕಿವಿ ಹರಿದು ರಕ್ತ ಸುರಿಯುತ್ತಿತ್ತು.

"ಏನಜ್ಜಿ, ಮಲಗಿಬಿಟ್ರಾ? ಒಂದು ಸಲವೂ ಕೂಗಲಿಲ್ಲವಲ್ಲ!"

"ಕಣ್ಣು ಮಿಟುಕಿಸಿಲ್ಲ ಕಣೇ! ಏನಾಯ್ತು?"

"ಹುಲ್ಲೊಳಗೆ ಹೊಟ್ಟೆ ಎಳೆದುಕೊಂಡು ಯಾವನೋ ಬಂದ. ಮರಿ ಕಿವಿಗೆ ಬಾಯಿ ಹಾಕಿದ. ಯಾರು ಏನು ಅಂತ ಕೂಡ ನೋಡಲಿಲ್ಲ, ಹಿಂಗಾಲಲ್ಲಿ ಝಾಡಿಸಿ ಒದ್ದೆ. ಮೂತಿಗೇ ಬಿತ್ತು. ಓಡಿಹೋದ. ನಾನು ನಿಮಗೆ ಕಾಣಲಿಲ್ಲವಾ?"

"ಕಂಡೆನಲ್ಲ. ನಿನ್ನ ಬೆನ್ನು ಕಾಣ್ತು, ಕಿವಿ ಕಾಣ್ತು..." ಅಜ್ಜಿ ಅಲ್ಲಿಗೇ ನಿಂತಳು. ಪರದೆಯ ಕಡೆ ತಿರುಗಿದಳು. ಜಿಂಕೆಗಳ ಬೆನ್ನು ಕಾಣುತ್ತಿತ್ತು. ಒಂದರ ಕಾಲೂ ಇಲ್ಲ. ನೆಲ ಇಲ್ಲ, ಹುಲ್ಲಿಲ್ಲ. ಸಾಸಿವೆಯಷ್ಟು ಪುಟ್ಟ ಮರಿ ಎಲ್ಲಿ ನಿಂತರೂ ಅದರಲ್ಲಿ ಕಾಣುವಂತೆಯೇ ಇರಲಿಲ್ಲ.

ಅಜ್ಜಿ ತಲೆ ಚಚ್ಚಿಕೊಂಡಳು. "ಎತ್ತರ ನೋಡಲಿಲ್ಲವಲ್ಲೇ ನಾನು! ನನ್ನ ಬಾಲಕ್ಕಿಷ್ಟು ಬೆಂಕಿ ಹಾಕ!"

ಚುಕ್ಕವ್ವ ಸಮಾಧಾನ ಹೇಳಲು ಹೋದಳು. ಅಜ್ಜಿ ಕೈ ಅಡ್ಡ ಹಿಡಿದಳು. "ಅಳೋ ಹೊತ್ತಲ್ಲ ಇದು. ಇವತ್ತು ಎಲ್ಲರೂ ಗುಡಿಸಲ ಸುತ್ತಲೇ ಮಲಗಿ. ಬೆಳಗಾದ ಮೇಲೆ ಸರಿಯಾದ ಪರದೆ ಬರೋವರೆಗೂ ನಾನು ಆ ಅಂಗಡಿ ಬಿಟ್ಟು ಕದಲೋದಿಲ್ಲ."

ಬೆಳಿಗ್ಗೆ ಅಜ್ಜಿ ಕಂಪ್ಯೂಟರಿನ ಡಬ್ಬವನ್ನು ದುಪ್ಪಟಿಯಲ್ಲಿ ಗಂಟು ಕಟ್ಟಿ ಬೆನ್ನಿಗೆ ಹಾಕಿಕೊಂಡಳು. ಪಟ್ಟಿ ಪರದೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಮಂಡಿ ನೋವಿಗೆ ಬೈಯುತ್ತಾ ಬೈಯುತ್ತಾ ತೊರೆಯ ತಿರುವಿಗೆ ನಡೆದಳು. ಹಿಂದೆ ಇಡೀ ಹಿಂಡು ಬಂತು.

ನಾಜೂಕಯ್ಯ ಮೂತಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ.

"ಏನಯ್ಯ ಅದು ಮೂತಿಗೆ?"

"ಹಲ್ಲುನೋವು ಅಜ್ಜಿ. ರಾತ್ರಿಯೆಲ್ಲ ನಿದ್ದೆ ಇಲ್ಲ."

ಅಜ್ಜಿ ಆ ಬಟ್ಟೆಯನ್ನು ನೋಡಿದಳು, ಚುಕ್ಕವ್ವನ ಹಿಂಗಾಲನ್ನು ನೋಡಿದಳು. ಎಲ್ಲ ಅರ್ಥವಾಯಿತು. ಮೈಯೆಲ್ಲ ಉರಿದುಹೋಯಿತು. ಆದರೆ ಮೊದಲು ಪರದೆ, ಆಮೇಲೆ ಇವನು ಎಂದು ಸಿಟ್ಟು ನುಂಗಿಕೊಂಡಳು.

"ಹೋಗಲಿ ಬಿಡು. ಇದು ನನಗೆ ಒಪ್ಪಲಿಲ್ಲ. ಆ ಮೂಲೆಯದನ್ನ ತೆಗಿ. ಕೂತು ನೋಡ್ತೀನಿ."

"ಅದು ಸೊಟ್ಟಗಿದೆ ಅಂದೆನಲ್ಲ!"

"ಸೊಟ್ಟಗಿರೋದನ್ನೇ ನೋಡ್ತೀನಿ."

"ನಿಮ್ಮ ಹಳೇ ಕಂಪ್ಯೂಟರಿಗೆ ಅದು ತಾಳೋದಿಲ್ಲ."

"ಕಂಪ್ಯೂಟರ್ ತಂದಿದ್ದೀನಿ. ತಾಳತ್ತೋ ಇಲ್ಲವೋ ಇಲ್ಲೇ ಗೊತ್ತಾಗತ್ತೆ."

"ಕೇಬಲ್ ಇಲ್ಲ ಅಜ್ಜಿ."

"ನಿನ್ನ ಪಕ್ಕದಲ್ಲೇ ನೇತಾಡ್ತಿದೆ."

"ನಿಮ್ಮ ಮೇಜಿನ ಮೇಲೆ ಹಿಡಿಯೋದೇ ಇಲ್ಲ!"

"ಹಿಡಿಯದಿದ್ರೆ ಮೇಜು ಬದಲಿಸ್ತೀನಿ. ನಿನಗ್ಯಾಕೆ ಆ ಚಿಂತೆ?" ಅಜ್ಜಿ ಬಾಗಿಲ ಮೇಲಿನ ಬೋರ್ಡಿಗೆ ಬೆರಳು ತೋರಿಸಿದಳು. "ಬರೆದಿರೋದು ನೀನೇ ತಾನೇ? ಹಾಕು ಸ್ಟೂಲು."

ಹಿಂಡು ಬಾಗಿಲಿಗೆ ಅಡ್ಡ ನಿಂತಿತ್ತು. ನಾಜೂಕಯ್ಯ ಗೊಣಗುತ್ತಾ ಪರದೆಯನ್ನು ಎತ್ತಿಟ್ಟ. ಅಜ್ಜಿ ಮೊದಲು ಬಾಲವನ್ನು ಅಡ್ಡಲಾಗಿ ಹಿಡಿದು ಅಗಲ ನೋಡಿದಳು. ಆಮೇಲೆ, ಅವಳ ಕುಲದಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಬಾಲವನ್ನು ನೆಟ್ಟಗೆ ನಿಲ್ಲಿಸಿ ಎತ್ತರವನ್ನೂ ಅಳೆದಳು. ಬಳಿಕ ತಂತಿ ಸಿಕ್ಕಿಸಿ, ತೋಳು ಚಾಚಿದಷ್ಟು ದೂರ ಸ್ಟೂಲು ಎಳೆದು ಕೂತಳು. ತೊರೆ ಹತ್ತಿರವೇ ಇದ್ದುದರಿಂದ ಕ್ಯಾಮೆರಾಗಳ ಚಿತ್ರ ಅಲ್ಲಿಗೂ ಬಂತು.

"ಚುಕ್ಕವ್ವ, ನೀನು ಆಚೆ ದಡಕ್ಕೆ ಹೋಗು. ಸಾಸಿವೆ ಹಿಂಡಿನ ಜೊತೆ ಈಚೆ ದಡದಲ್ಲಿ ಹುಲ್ಲೊಳಗೆ ನಿಲ್ಲಲಿ."

ಎಲ್ಲರೂ ಹೋಗಿ ನಿಂತರು. ಅಜ್ಜಿ ಕತ್ತು ನೆಟ್ಟಗಿಟ್ಟುಕೊಂಡು ನೋಡಿದಳು. ಬಾಗಿದ್ದುದರಿಂದಲೇ ಪರದೆಯ ಎರಡು ಅಂಚೂ ಕಣ್ಣಿನ ಕಡೆಗೆ ತಿರುಗಿದ್ದವು. ನಡುವೆ ಕಪ್ಪು ಚೌಕಟ್ಟೂ ಇರಲಿಲ್ಲ. ಬಲಕ್ಕೆ ತಾಯಿ ಕಂಡಳು. ಎಡಕ್ಕೆ ಹುಲ್ಲಿನ ನಡುವೆ ನಾಲ್ಕು ಪುಟಾಣಿ ಗೊರಸು ಕಂಡವು. ಒಂದೇ ನೋಟಕ್ಕೆ ಎರಡೂ! ಅಜ್ಜಿಯ ಕಣ್ಣು ತುಂಬಿಬಂತು.

"ಇದೇ ನನ್ನದು. ಕಟ್ಟಿಕೊಡು," ಎಂದಳು. ಪಟ್ಟಿ ಪರದೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು, ಹೊಸದನ್ನು ಜಿಂಕೆಗಳ ಬೆನ್ನಿಗೇರಿಸಿಕೊಂಡು ಹೊರಟಳು.

ನಾಜೂಕಯ್ಯನಿಗೆ ಹಸಿವು. ಮೇಲಾಗಿ ಸಿಟ್ಟು. 'ಪರದೆ ಎಷ್ಟು ಅಗಲ ಇದ್ದರೇನು, ಮುದುಕಿ ಎದ್ದಿರಬೇಕಲ್ಲ,' ಅಂದುಕೊಂಡ. ಸಂಜೆ ಎಂದಿನ ಪೊದೆಯಲ್ಲಿ ಬಂದು ಕೂತ. ಕಿಟಕಿಯ ಕಡೆ ನೋಡಿದ. ಆಚೆ ಈಚೆ ಆಡುತ್ತಿದ್ದ ತಲೆ ಈಗ ಅಲ್ಲಾಡುತ್ತಿಲ್ಲ. ಗಲ್ಲ ಅಂಗೈ ಮೇಲಿದೆ. ಗೊರ್ ಗೊರ್ ಎಂದು ಗೊರಕೆ ಬೇರೆ! ಬೆಳಿಗ್ಗೆ ಅಷ್ಟು ಭಾರ ಹೊತ್ತ ಮುದುಕಿ ಸುಸ್ತಾಗಿ ಮಲಗಿದ್ದಾಳೆ ಎಂದು ಅವನಿಗೆ ನಗು ಬಂತು. ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಸಾಸಿವೆಯ ಕಡೆಗೆ ತೆವಳಿದ.

ಗುಡಿಸಲಿನೊಳಗೆ ಅಜ್ಜಿ ಗೊರಕೆ ಹೊಡೆಯುತ್ತಲೇ ಇದ್ದಳು. ಕಣ್ಣು ಮಾತ್ರ ಪೂರ್ತಿ ತೆರೆದಿತ್ತು. ಪರದೆಯ ಎಡ ಮೂಲೆಯಲ್ಲಿ, ತೀರಾ ಕೆಳಗೆ, ಹುಲ್ಲು ಸೀಳಿಕೊಂಡು ಒಂದು ಮೂತಿ ಹೊರಗೆ ಬಂತು. ಅದಕ್ಕೆ ಬಟ್ಟೆ ಸುತ್ತಿತ್ತು.

"ಬಾ ಮಗನೇ, ಇನ್ನೂ ಸ್ವಲ್ಪ ಮುಂದೆ ಬಾ," ಎಂದು ಅಜ್ಜಿ ಪಿಸುಗುಟ್ಟಿದಳು. ಅವನು ಬಯಲಿಗೆ ಬಂದ ಕೂಡಲೇ ಗೊರಕೆ ನಿಂತಿತು.

"ಖಕ್! ಖಕ್! ಖಕ್!"

ಅಷ್ಟು ಜೋರಾಗಿ ಅವಳು ಪ್ರಾಯದಲ್ಲೂ ಕೂಗಿರಲಿಲ್ಲ. ಸಾಸಿವೆ ಚಂಗನೆ ಹಾರಿ ತಾಯಿಯ ಹೊಟ್ಟೆಯಡಿ ಸೇರಿತು. ಗಂಡು ಜಿಂಕೆಗಳು ಕೊಂಬು ಬಗ್ಗಿಸಿಕೊಂಡು ಸುತ್ತುವರಿದವು. ಓಡಲು ದಾರಿ ಕಾಣದೆ ನಾಜೂಕಯ್ಯ ತೊರೆಗೆ ಹಾರಿದ. ಬೇಸಿಗೆಯ ತೊರೆ, ನೀರಿಗಿಂತ ಕೆಸರೇ ಹೆಚ್ಚು. ಕತ್ತಿನವರೆಗೂ ಹೂತುಕೊಂಡ.

ಅಜ್ಜಿ ಕೋಲೂರಿಕೊಂಡು ದಡಕ್ಕೆ ಬಂದಳು. "ಹಲ್ಲುನೋವು ಹೇಗಿದೆಯಪ್ಪ?"

"ಅಜ್ಜಿ, ತಪ್ಪಾಯ್ತು! ಎತ್ತಿ! ನೀವು ಮಲಗಿದ್ದೀರಿ ಅಂದುಕೊಂಡೆ..."

"ನನ್ನ ತಲೆಯನ್ನೇ ನೋಡ್ತಾ ಕೂತೆ. ನೀನೇ ಮಾರಿದ ಪರದೆ ಮುಂದೆ ಒಂದು ದಿನವಾದರೂ ಕೂತು ನೋಡಬೇಕಿತ್ತು ಕಣೋ. ಮೂಲೇಲಿ ಇಲಿ ಓಡಿದರೂ ಕಾಣತ್ತೆ. ಆವತ್ತು ನೀನು ಕದ್ದ ಮರಿ ಅಳು ಇನ್ನೂ ಅದರ ತಾಯಿ ಕಿವಿಯಲ್ಲಿದೆ. ತಪ್ಪಾಯ್ತು ಅಂದ್ರೆ ಅದು ವಾಪಸ್ ಬರತ್ತಾ?"

ಜಿಂಕೆಗಳು ಅವನನ್ನು ಬಳ್ಳಿ ಹಾಕಿ ಎಳೆದವು. ಆದರೆ ಸುಮ್ಮನೆ ಬಿಡಲಿಲ್ಲ. ಅಜ್ಜಿ ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯ ಮೇಲಿದ್ದ ಪಟ್ಟಿ ಪರದೆಯನ್ನು ತಂದಳು. ಅಂಗಡಿಯ ಬಾಗಿಲಿಗೆ, ಹಳೆಯ ಬೋರ್ಡಿನ ಜಾಗದಲ್ಲೇ ಅದನ್ನು ನೇತುಹಾಕಿಸಿದಳು. ಅದರಲ್ಲಿ ಕೆಂಪು ಅಕ್ಷರ ಓಡತೊಡಗಿತು: 'ಇವನು ಮರಿಗಳ್ಳ. ಇವನ ಮಾತು ನಂಬಬೇಡಿ.' ಆ ಕೆಲಸಕ್ಕೆ ಪಟ್ಟಿ ಪರದೆಯ ಎತ್ತರ ಸರಿಯಾಗಿ ಸಾಕಾಯಿತು. ಹೋಗುವವರು ಬರುವವರು ಎಲ್ಲರೂ ನಿಂತು ಓದಿದರು. ನಾಜೂಕಯ್ಯ ಬಾಲ ಮುದುರಿಕೊಂಡು ಕಾಡು ಬಿಟ್ಟು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಜ್ಜಿ ಈಗಲೂ ಗುಡಿಸಲಿನಲ್ಲಿ ಆ ಬಾಗಿದ ಪರದೆಯ ಮುಂದೆ ಕೂತಿದ್ದಾಳೆ. ಸಾಸಿವೆ ಈಚೆ ದಡದಲ್ಲಿ ಮೇಯುತ್ತದೆ, ಆಚೆ ದಡಕ್ಕೆ ಜಿಗಿಯುತ್ತದೆ. ಹರಿದ ಕಿವಿ, ನಾಲ್ಕು ಗೊರಸು, ಎಲ್ಲವೂ ಪರದೆಯಲ್ಲಿ ಕಾಣುತ್ತವೆ. ಅಜ್ಜಿ ದಿನವೂ ಮೊದಲು ಅದನ್ನೇ ಹುಡುಕುತ್ತಾಳೆ.

ನೀತಿ: ಯಾವುದನ್ನೇ ಆರಿಸಿಕೊಳ್ಳುವಾಗಲೂ ಮಾರುವವನ ಮಾತಿಗೆ ಮರುಳಾಗದೆ, ನಮ್ಮ ಕೆಲಸಕ್ಕೆ ಅದು ಒದಗುತ್ತದೆಯೇ ಎಂದು ನಾವೇ ಕೂತು ನೋಡಬೇಕು. ಪರರ ಕಣ್ಣಿಗೆ ಮಣ್ಣೆರಚುವವನು ಕೊನೆಗೆ ಎಲ್ಲರ ಕಣ್ಣಿಗೂ ಬೀಳುತ್ತಾನೆ.