ಮೊದಲ ಮಂಕರಿ ಗೊಬ್ಬರ

"ಬುದ್ಧಿ, ಒಪ್ಪಿಸಿದ ಕೆಲಸವನ್ನು ಮತ್ತೆ ಮತ್ತೆ ಕೆಡಿಸುವವನಿಂದ ಆ ಕೆಲಸವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ತಪ್ಪೇ?" ಎಂದು ನಿರಂಜನ ಕೇಳಿದ.

ಗುರುಗಳು ಬೆಳಗಿನ ಪೂಜೆ ಮುಗಿಸಿ ಮಠದ ಜಗಲಿಯ ಮೇಲೆ ಕುಳಿತಿದ್ದರು. ನಿರಂಜನ ಮಠದಲ್ಲಿ ಬಹಳ ವರ್ಷದಿಂದ ಇದ್ದ ಶಿಷ್ಯ. ಅವನು ಹೆಸರು ಹೇಳದಿದ್ದರೂ ಯಾರ ಮಾತು ಎಂಬುದು ಗುರುಗಳಿಗೆ ತಿಳಿಯಿತು. ಹೋದ ವರ್ಷವಷ್ಟೇ ಬಂದ ಮರುಳಸಿದ್ಧನಿಗೆ ಅವರು ದಾಸೋಹದ ಅಡುಗೆಮನೆಯ ಹೊಣೆ ವಹಿಸಿದ್ದರು. ಅಲ್ಲಿಯ ಹಸಿ ಕಸ ಹಸಿರು ಬುಟ್ಟಿಗೆ, ಒಣ ಕಸ ನೀಲಿ ಬುಟ್ಟಿಗೆ ಹೋಗುವಂತೆ ನೋಡಿಕೊಳ್ಳುವುದೂ ಅವನ ಪಾಲಿಗೇ ಬಂದಿತ್ತು. ಕೆಲವು ದಿನಗಳಿಂದ ಬುಟ್ಟಿಗಳಲ್ಲಿ ಎರಡೂ ಬೆರಕೆಯಾಗುತ್ತಿದ್ದವು. ಪುರಸಭೆಯ ಗಾಡಿಯವರು ಕಸ ಎತ್ತಿಕೊಳ್ಳದೆ ಗೊಣಗಿಕೊಂಡು ಹೋಗುತ್ತಿದ್ದರು.

"ಇವತ್ತು ಏನಾಯಿತು?" ಎಂದು ಗುರುಗಳು ಕೇಳಿದರು.

"ಒಣ ಕಸದಲ್ಲಿ ಅನ್ನ ಇದೆ, ಬುದ್ಧಿ. ಹಳೆಯ ಪತ್ರಿಕೆಗಳ ಕೆಳಗೆ, ಬುಟ್ಟಿಯ ತಳದಲ್ಲಿ."

ಆ ಬುಟ್ಟಿಯನ್ನು ಅವತ್ತು ಇನ್ನೂ ಯಾರೂ ಬರಿದು ಮಾಡಿರಲಿಲ್ಲ. ತಳದಲ್ಲಿ ಇರುವುದು ನಿನಗೆ ಹೇಗೆ ಕಂಡಿತು ಎಂದು ಗುರುಗಳು ಕೇಳಲಿಲ್ಲ. ಕುಳಿತುಕೋ ಎಂದರು. ನಿರಂಜನ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನ ಒಂದು ಬೀದಿಯಲ್ಲಿ ಒಬ್ಬ ದಾರದ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಿನಗೆ ನೆನಪಿರುವುದಿಲ್ಲ.

ಆ ಬೀದಿಯ ಮೂಲೆಯಲ್ಲಿ ಕಸದ ಗುಡ್ಡೆ ಇತ್ತು. ಹಂದಿ, ನಾಯಿ, ಸೊಳ್ಳೆ ಎಲ್ಲವೂ ಅಲ್ಲೇ ಸಂಸಾರ ಹೂಡಿದ್ದವು. ವ್ಯಾಪಾರಿ ಚಪ್ಪಲಿ ಸವೆಯುವಷ್ಟು ಪುರಸಭೆಗೆ ಅಲೆದು ಮನೆಗೆ ಎರಡರಂತೆ ಬುಟ್ಟಿ ತರಿಸಿದ. ಸಿಪ್ಪೆ, ಕಾಫಿ ಚರಟ, ಬಾಡಿದ ಹೂವು ಹಸಿರು ಬುಟ್ಟಿಗೆ. ಕಾಗದ, ಸೀಸೆ, ಹಾಲಿನ ಕವರು ನೀಲಿಗೆ. ಹೀಗೆಂದು ಮನೆಮನೆಯ ಬಾಗಿಲಲ್ಲಿ ನಿಂತು ಹೇಳಿಕೊಟ್ಟ. ಕವರುಗಳನ್ನು ತೊಳೆದು ಹಾಕಬೇಕು ಎಂದು ತೋರಿಸುವುದಕ್ಕೆ ತನ್ನ ಮನೆಯ ಕವರುಗಳನ್ನು ಬಟ್ಟೆ ಒಣಗಿಸುವ ತಂತಿಗೆ ನೇತುಹಾಕಿದ. ಜನ ಮೊದಲು ನಕ್ಕರು. ಆಮೇಲೆ ತಾವೂ ನೇತುಹಾಕಿದರು. ಮೂಲೆಯ ಗುಡ್ಡೆ ಕರಗಿತು, ಹಂದಿಗಳು ಬೇರೆ ಬೀದಿ ನೋಡಿಕೊಂಡವು.

ಬೀದಿಯ ಒಣ ಕಸ ಮರುಬಳಕೆಗೆ ಹೋಗುತ್ತಿತ್ತು. ಹಸಿ ಕಸ ಊರಾಚೆಯ ಗುಂಡಿಯಲ್ಲಿ ಮಾಗಿ, ಯುಗಾದಿಯ ಹೊತ್ತಿಗೆ ಗೊಬ್ಬರವಾಗಿ ಬೀದಿಗೇ ವಾಪಸು ಬರುತ್ತಿತ್ತು. ಬೀದಿಯವರು ಅದಕ್ಕೊಂದು ಪದ್ಧತಿ ಮಾಡಿಕೊಂಡರು. ಯಾರ ಮನೆಯಲ್ಲಿ ಕಸ ಚೊಕ್ಕವಾಗಿ ಬೇರೆಯಾಗುತ್ತದೆಯೋ ಅವರ ಹೊಸ್ತಿಲ ಮುಂದೆ ಮೊದಲ ಮಂಕರಿ ಗೊಬ್ಬರ ಇಳಿಸುವುದು. ಅದರ ಮೇಲೆ ಎಲೆ ಅಡಿಕೆ ಇಡುವುದು. ಆ ಮನೆ ಯಾವುದೆಂದು ಹೇಳುವವಳು ಕಸದ ಗಾಡಿಯವಳು. ಎಲ್ಲರ ಬುಟ್ಟಿಯನ್ನೂ ದಿನವೂ ಸುರಿಯುತ್ತಿದ್ದವಳು ಅವಳೇ ತಾನೆ.

ಮೊದಲ ವರ್ಷದ ಮಂಕರಿ ಬರುವ ದಿನ ವ್ಯಾಪಾರಿ ಮಡಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತ. ಗೊಬ್ಬರ ತುಂಬಲು ದೊಡ್ಡದೊಂದು ಕುಂಡವನ್ನೂ ಮುಂಚೆಯೇ ತಂದಿಟ್ಟುಕೊಂಡಿದ್ದ. ಮಂಕರಿ ಬಂತು. ಅವನ ಮನೆ ದಾಟಿ ಮುಂದೆ ಹೋಯಿತು.

ಅದು ಇಳಿದದ್ದು ಬೀದಿಯ ಕೊನೆಯಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಯ ಮುಂದೆ. ಅಲ್ಲಿ ಹೂ ಕಟ್ಟಿ ಬದುಕುವ ಹೆಂಗಸೊಬ್ಬಳು ಇದ್ದಳು. ಗುಡಿಗೆ ಮಾಲೆ, ಮನೆಗಳಿಗೆ ಮೊಳ ಹೂವು ಕೊಡುತ್ತಿದ್ದಳು. ದಾರ ಕೊಳ್ಳುತ್ತಿದ್ದುದು ಈ ವ್ಯಾಪಾರಿಯ ಅಂಗಡಿಯಲ್ಲೇ. ಆ ದಾರ ಕೊಳೆಯುವ ಜಾತಿಯದಲ್ಲ, ಗೊಬ್ಬರಕ್ಕೆ ಸೇರಿದರೆ ಗುದ್ದಲಿಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಅವಳು ಬಾಡಿದ ಮಲ್ಲಿಗೆ, ತೊಟ್ಟು, ಎಲೆಗಳ ನಡುವಿನಿಂದ ದಾರದ ತುಂಡುಗಳನ್ನೆಲ್ಲ ಆರಿಸಿ ನೀಲಿ ಬುಟ್ಟಿಗೆ ಹಾಕುತ್ತಿದ್ದಳು. ಬಿಳಿ ಹೂವಿನೊಳಗಿನ ಬಿಳಿ ದಾರ ಹುಡುಕಿ ನೋಡು, ಆಗ ಗೊತ್ತಾಗುತ್ತದೆ ಅದೆಂಥ ಕೆಲಸ ಎಂದು.

ವ್ಯಾಪಾರಿ ಒಳಗೆ ಬಂದು ಊಟಕ್ಕೆ ಕುಳಿತ. ಒಬ್ಬಟ್ಟನ್ನು ಎಲೆಯ ಬದಿಗೆ ಸರಿಸಿದ.

"ಅದು ಗೊಬ್ಬರ ಕಣ್ರೀ" ಎಂದಳು ಹೆಂಡತಿ.

"ಗೊಬ್ಬರ ಅಂತ ನಂಗೂ ಗೊತ್ತು. ಬುಟ್ಟಿ ತರಿಸಿದ್ದು ಯಾರು?" ಎಂದ ವ್ಯಾಪಾರಿ.

ನೀನು ನಗಬೇಡ ನಿರಂಜನ. ಎದುರುಮನೆಯವನು ಮಹಡಿ ಕಟ್ಟಿಸಿದಾಗ ಈ ವ್ಯಾಪಾರಿಗೆ ಏನೂ ಅನ್ನಿಸಿರಲಿಲ್ಲ. ಹೋಗಿ ಗೃಹಪ್ರವೇಶದ ಊಟ ಮಾಡಿ ಬಂದಿದ್ದ. ಮಹಡಿ ಅವನ ಆಸೆಯಾಗಿರಲಿಲ್ಲ. ಮಂಕರಿ ಆಗಿತ್ತು. ತನ್ನದು ಎಂದುಕೊಂಡಿದ್ದ ಜಾಗದಲ್ಲಿ, ತನಗಿಂತ ತಡವಾಗಿ ಬಂದವಳು, ಬಾಯಿ ಬಿಟ್ಟು ಕೇಳದವಳು ಬಂದು ಕುಳಿತಿದ್ದಳು. ಅವಳು ಕೇಳಿ ಪಡೆದಿದ್ದರೆ ಬಯ್ಯಬಹುದಿತ್ತು. ಕೇಳದೆ ಪಡೆದವಳನ್ನು ಏನೆಂದು ಬಯ್ಯುವುದು? ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅದಕ್ಕೆ.

ಅಂದಿನಿಂದ ಅವನ ಕಣ್ಣು ಅವಳ ಬುಟ್ಟಿಯ ಮೇಲೆ ನೆಟ್ಟಿತು. ಬೆಳಿಗ್ಗೆ ಅಂಗಡಿ ತೆರೆಯಲು ಹೋಗುವಾಗ ಬೇಕೆಂದೇ ಆ ಬಾಗಿಲ ಮುಂದೆ ಹಾದುಹೋಗುತ್ತಿದ್ದ. ಬುಟ್ಟಿಯೊಳಗೆ ಇಣುಕುತ್ತಿದ್ದ. ಮಲ್ಲಿಗೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಇವಳ ಮನೆಯ ಕಸ ಕೂಡ ಘಮಘಮ ಅನ್ನುತ್ತದಲ್ಲ ಎಂದು ಇನ್ನಷ್ಟು ಉರಿದುಹೋಗುತ್ತಿದ್ದ. ತನ್ನ ಮನೆಯ ಬುಟ್ಟಿಗಳನ್ನು ಸೋಪು ಹಾಕಿ ಉಜ್ಜಿಸಿದ. ಯಾರೂ ಗಮನಿಸಲಿಲ್ಲ. ಹೂವಿನವಳ ಮನೆಯ ಹಾಗೆ ಬೇರೆ ಮಾಡಬೇಕು ನೋಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅವನು ಹೇಳಿಕೊಟ್ಟ ಪಾಠವನ್ನೇ ಈಗ ಅವಳ ಹೆಸರಲ್ಲಿ ಹೇಳುತ್ತಿದ್ದರು.

ಅವಳಲ್ಲಿ ಒಂದು ತಪ್ಪು ಸಿಕ್ಕಿದ್ದರೆ ಅವನು ತಣ್ಣಗಾಗುತ್ತಿದ್ದನೋ ಏನೋ. ನೀಲಿ ಬುಟ್ಟಿಯಲ್ಲಿ ಒಂದು ಹಸಿ ಎಲೆ, ಹಸಿರಿನಲ್ಲಿ ಒಂದು ಬಿಸ್ಕತ್ತಿನ ಕಾಗದ, ಅಷ್ಟು ಸಾಕಿತ್ತು. ಹುಡುಕಿ ಹುಡುಕಿ ಸೋತ. ಸಿಗದ ತಪ್ಪನ್ನು ಕೊನೆಗೆ ತಾನೇ ಅಂಗಡಿಯಿಂದ ತಂದ.

ಅಂಗಡಿ ಗುಡಿಸಿದಾಗ ಬಿದ್ದಿದ್ದ ದಾರದ ಚೂರುಗಳನ್ನು ಜೇಬಿನಲ್ಲಿ ಹಾಕಿಕೊಂಡು ಬಂದು, ಗಾಡಿ ಬರುವುದಕ್ಕೆ ಮುಂಚೆ ಅವಳ ಹಸಿರು ಬುಟ್ಟಿಯಲ್ಲಿ ಉದುರಿಸಿದ. ಬಿಳಿ ಹೂವಿನಲ್ಲಿ ಬಿಳಿ ದಾರ. ಉದುರಿಸಿ, ಶಲ್ಯ ಸರಿಮಾಡಿಕೊಂಡು ಮುಂದೆ ನಡೆದ.

ಗಾಡಿಯವಳು ಬುಟ್ಟಿ ಸುರಿದು, "ಅಕ್ಕಾ, ಇಲ್ನೋಡು ದಾರ" ಎಂದಳು. ಹೂವಿನವಳು ನಕ್ಕು, ಕಣ್ತಪ್ಪಿ ಬಿತ್ತೇನೋ ಎಂದು ಆರಿಸಿಕೊಟ್ಟಳು. ಮಾರನೆಯ ದಿನವೂ ದಾರ ಬಂತು. ಅದರ ಮಾರನೆಯ ದಿನ ಅವಳು ನಗಲಿಲ್ಲ. ಬುಟ್ಟಿ ಹೊರಗಿಡುವ ಮುಂಚೆ ಒಂದೊಂದು ತೊಟ್ಟನ್ನೂ ಬೆಳಕಿಗೆ ಹಿಡಿದು ನೋಡಿದಳು. ಆದರೂ ಗಾಡಿಯಲ್ಲಿ ಸುರಿದಾಗ ದಾರ ಇತ್ತು.

ಯಾರೋ ತಂದು ಹಾಕುತ್ತಿದ್ದಾರೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಅಂಥದ್ದನ್ನು ತಾವೇ ಮಾಡಬಲ್ಲವರಿಗೆ ಮಾತ್ರ ಅದು ಬೇಗ ಹೊಳೆಯುತ್ತದೆ. ಅವಳಿಗೆ ಹೊಳೆದದ್ದು ಬೇರೆ. ಅವಳ ತಾಯಿಗೆ ಇದೇ ವಯಸ್ಸಿನಲ್ಲಿ ಕಣ್ಣು ಮಂಜಾಗಿತ್ತು. ತನಗೂ ಶುರುವಾಯಿತು ಎಂದುಕೊಂಡಳು.

ಒಮ್ಮೆ ಹಾಗೆ ಅಂದುಕೊಂಡ ಮೇಲೆ ಎಲ್ಲವೂ ಮಂಜಾಗಿಯೇ ಕಂಡಿತು. ಕಟ್ಟಿದ ಮಾಲೆಯನ್ನು ಮತ್ತೆ ಬಿಚ್ಚಿ ನೋಡುವಳು. ಹುಳ ಹಿಡಿದ ಮೊಗ್ಗು ದೇವರ ಮುಡಿಗೆ ಹೋಗಿಬಿಟ್ಟರೆ ಎಂದು ಹೆದರುವಳು. ಹೆದರಿದ ಕೈಯಲ್ಲಿ ಗಂಟು ನಿಲ್ಲಲಿಲ್ಲ. ಕೊನೆಗೆ ಗುಡಿಯ ಅರ್ಚಕರ ಹತ್ತಿರ ಹೋಗಿ, ಇನ್ನು ನನ್ನ ಕೈಲಾಗದು ಸ್ವಾಮಿ, ಬೇರೆಯವರಿಗೆ ಹೇಳಿ ಎಂದು ಕೈಮುಗಿದು ಬಂದಳು. ಒಂದು ಛತ್ರದಲ್ಲಿ ಮುಸುರೆ ತಿಕ್ಕುವ ಕೆಲಸಕ್ಕೆ ಸೇರಿದಳು. ಪಾತ್ರೆಗೆ ಕಣ್ಣು ಅಷ್ಟು ಚುರುಕಾಗಿ ಇರಬೇಕಿಲ್ಲ ನೋಡು.

ಮರುದಿನ ಬೆಳಿಗ್ಗೆ ಅವಳು ದಾರದ ಅಂಗಡಿಗೆ ಬಂದಳು. ಬಿಚ್ಚದೆ ಉಳಿದಿದ್ದ ದಾರದ ಉಂಡೆಗಳನ್ನು ಗಲ್ಲಾದ ಮೇಲೆ ಇಟ್ಟಳು.

"ಇನ್ನು ಇದು ನಂಗೆ ಬ್ಯಾಡ ಅಣ್ಣಾ, ಯಾರಿಗಾದ್ರೂ ಕೊಡಿ" ಎಂದಳು. "ಇನ್ನೊಂದು ಮಾತು. ಬೀದಿಗೆ ಈ ಬುಟ್ಟಿ ತಂದೋರು ನೀವು. ನನ್ನ ಕಣ್ಣಿಂದ ಎಲ್ಲರ ಗೊಬ್ಬರ ಕೆಡಬಾರದು. ದಿನಾ ಅಂಗ್ಡಿಗೆ ಬರೋವಾಗ ನನ್ನ ಬುಟ್ಟೀನ ಒಂದು ಸಲ ನೋಡ್ಬಿಡಿ. ನಿಮ್ಮ ಕಣ್ಣು ಚೆನ್ನಾಗಿದೆ."

ವ್ಯಾಪಾರಿ ತಲೆಯಾಡಿಸಿದ. ನಿಜ ಹೇಳಬೇಕೆಂದರೆ, ಆ ಕ್ಷಣ ಅವನಿಗೆ ಸುಖವೇ ಆಯಿತು. ಬುಟ್ಟಿ ತಂದೋರು ನೀವು ಎಂದಳಲ್ಲ. ಆ ಮಾತನ್ನು ಕೇಳಲು ಅವನು ಯುಗಾದಿಯಿಂದ ಕಾದಿದ್ದ. ಅದು ಅವಳ ಬಾಯಿಂದಲೇ ಬಂತು.

ಆ ಸುಖ ಮಾರನೆಯ ಬೆಳಿಗ್ಗೆಯವರೆಗೆ ಉಳಿಯಿತು. ಅವಳ ಜಗಲಿಯ ಮೇಲೆ ಕುಳಿತು, ಹಸಿರು ಬುಟ್ಟಿಯೊಳಗೆ ಕೈ ಹಾಕಿದ. ಸೌತೆಕಾಯಿ ಸಿಪ್ಪೆ, ಹುಣಸೆ ಹಿಪ್ಪೆ, ಒಂದಿಷ್ಟು ಕಾಫಿ ಚರಟ. ಮಲ್ಲಿಗೆ ಇರಲಿಲ್ಲ. ದಾರವಂತೂ ಇರಲಿಲ್ಲ, ಹಾಕುವವನೇ ಹುಡುಕುವವನಾಗಿ ಕುಳಿತಿದ್ದನಲ್ಲ. ಒಳಗಿನಿಂದ ಅವಳು, ಏನಾದ್ರೂ ಬೆರೆತಿದೆಯಾ ಅಣ್ಣಾ ಎಂದು ಕೇಳಿದಳು. ಇಲ್ಲಮ್ಮ ಎಂದ. ನೀವು ನೋಡೋಕೆ ಶುರು ಮಾಡಿದ ಮೇಲೆ ಸರಿಹೋಯ್ತು ಎಂದು ಅವಳು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು.

ದಿನವೂ ಹೀಗೆಯೇ ನಡೆಯಿತು. ದಿನವೂ ಅವನು ಬುಟ್ಟಿಯಲ್ಲಿ ಕೈಯಾಡಿಸುವನು, ದಿನವೂ ಅವಳು ಕೇಳುವಳು. ನಿನ್ನ ಕಣ್ಣಿಗೆ ಏನೂ ಆಗಿಲ್ಲ ತಾಯಿ ಎಂದು ಹೇಳಲು ಬಾಯಿ ತೆರೆಯುವನು. ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತದೆ. ಇಲ್ಲಮ್ಮ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುವನು. ಅವಳೇ ಚೊಂಬಿನಲ್ಲಿ ನೀರು ತಂದು ಹಾಕುವಳು.

ಮತ್ತೆ ಯುಗಾದಿ ಬಂತು. ಮೊದಲ ಮಂಕರಿ ಯಾರಿಗೆ ಎಂಬುದರಲ್ಲಿ ಮಾತೇ ಇರಲಿಲ್ಲ. ಅವನ ಹೊಸ್ತಿಲ ಮುಂದೆಯೇ ಇಳಿಯಿತು. ಹೊತ್ತು ತಂದವಳು ಹೂವಿನವಳು. ನಾನೇ ತರುತ್ತೇನೆ ಎಂದು ಹಟ ಹಿಡಿದು ತಂದಿದ್ದಳು. ಎಲೆ ಅಡಿಕೆ ಇಟ್ಟು, ಬೀದಿಯವರ ಎದುರಿಗೆ ಅವನಿಗೆ ಕೈಮುಗಿದಳು. ಮುಸುರೆ ತಿಕ್ಕಿ ಅವಳ ಬೆರಳುಗಳು ಒಡೆದಿದ್ದವು.

ಆಗ ಗುಂಪಿನಲ್ಲಿ ಯಾರೋ ಮುದುಕಿ, "ಪಾಪ, ಇವಳ ಕಣ್ಣು ನೆಟ್ಟಗಿದ್ದಿದ್ರೆ ಈ ಸಲಾನೂ ಇವಳಿಗೇ ಬರ್ತಿತ್ತು" ಎಂದಳು.

ಇಷ್ಟಾದ ಮೇಲೂ ವ್ಯಾಪಾರಿಗೆ ಮೊದಲು ಉಕ್ಕಿದ್ದು ಏನು ಗೊತ್ತೇ? ಹೊಟ್ಟೆಕಿಚ್ಚು. ಮಂಕರಿ ತನ್ನ ಮನೆಗೆ ಬಂದರೂ ಹೊಗಳಿಕೆ ಅವಳ ಮನೆಗೇ ಹೋಯಿತಲ್ಲ ಎಂದು. ಕುಂಡಕ್ಕೆ ತುಂಬಲೆಂದು ಬಗ್ಗಿ ಗೊಬ್ಬರದೊಳಗೆ ಕೈ ಹಾಕಿದ. ಬೆರಳಿಗೆ ಏನೋ ಸುತ್ತಿಕೊಂಡಿತು. ಎಳೆದ. ಕೊಳೆಯದ ದಾರ. ಆರಿಸುವಾಗ ಗಾಡಿಯವಳ ಕಣ್ಣಿಗೂ ತಪ್ಪಿಹೋದ ತುಂಡು, ತಿಂಗಳುಗಟ್ಟಲೆ ಗುಂಡಿಯಲ್ಲಿದ್ದು, ಅವನ ಅಂಗಡಿಯಲ್ಲಿ ಇದ್ದ ಹಾಗೆಯೇ ಇತ್ತು.

ಹೂವಿನವಳು ಅದನ್ನು ಕಂಡಳು. ಬಿಳಿಯದು, ಎಳೆ ಸಣ್ಣದು, ಮಣ್ಣು ಮೆತ್ತಿದ್ದು. ಮಾರು ದೂರದಿಂದ ಕಂಡಳು. ಕಂಡದ್ದು ಕಣ್ಣು ಚೆನ್ನಾಗಿರುವುದರಿಂದ ಎಂದು ಅವಳಿಗೆ ತೋಚಲಿಲ್ಲ. "ನೋಡಿ, ನನ್ನ ತಪ್ಪು ನಿಮ್ಮ ಮಂಕರಿಗೂ ಬಂದ್ಬಿಟ್ಟಿದೆ. ತಪ್ಪಾಯ್ತು ಅಣ್ಣಾ" ಎಂದಳು. ಕಣ್ಣಲ್ಲಿ ನೀರು ತಂದುಕೊಂಡಳು.

ವ್ಯಾಪಾರಿ ಬೆರಳಿಗೆ ಸುತ್ತಿದ ದಾರದೊಡನೆ ಹಾಗೇ ನಿಂತ. ಬೀದಿ ಅವನನ್ನು ನೋಡುತ್ತಿತ್ತು. ಅವಳ ಕಣ್ಣು ಅವಳಿಗೆ ವಾಪಸು ಬರುವುದಕ್ಕೆ ಅವನ ಒಂದು ಮಾತು ಸಾಕಿತ್ತು. ಆ ಮಾತಿಗೆ ಅವನ ಮಂಕರಿ, ಮಾನ ಎರಡೂ ಹೋಗುತ್ತಿದ್ದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಿರಂಜನನ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು. ಅಡುಗೆಮನೆಯ ಕಡೆಯಿಂದ ಇಷ್ಟು ಹೊತ್ತಿಗೆ ಕೇಳಬೇಕಾಗಿದ್ದ ಪಾತ್ರೆಯ ಸದ್ದು ಇವತ್ತು ಇರಲಿಲ್ಲ.

"ವ್ಯಾಪಾರಿ ಹೇಳಿದನೇ, ಬುದ್ಧಿ?" ಎಂದು ಕೊನೆಗೆ ಕೇಳಿದ.

ಗುರುಗಳು ಅವನ ಮುಖವನ್ನು ನೋಡಲಿಲ್ಲ. ಮಠದ ಹೆಬ್ಬಾಗಿಲ ಕಡೆಗೆ ನೋಡುತ್ತ ಹೇಳಿದರು.

"ಮರುಳಸಿದ್ಧ ತನಗೆ ಮರೆವಿನ ರೋಗ ಬಂದಿದೆ ಎಂದು ಅತ್ತು, ಗಂಟು ಕಟ್ಟಿಕೊಂಡು ಹೊರಗೆ ಬಸ್ಸಿಗೆ ಕಾಯುತ್ತಿದ್ದಾನೆ, ಬಸ್ಸು ಇನ್ನೂ ಬಂದಿಲ್ಲ."